ಅಡಿಕೆಯ ಪದಕೋಶ: ಒಂದೇ ಪುಟವೋ, ಪದಕ್ಕೊಂದು ಪುಟವೋ?

ಶಿವಮೊಗ್ಗ ಮಾರುಕಟ್ಟೆಯ ಅಡಿಕೆ ದರಪಟ್ಟಿ ತೆಗೆದು ನೋಡಿ. ಬೆಟ್ಟೆ, ರಾಶಿ, ಸರಕು, ಗೊರಬಲು ಎಂದು ಸಾಲುಗಳಿರುತ್ತವೆ. ಶಿರಸಿಯ ಪಟ್ಟಿಯಲ್ಲಿ ಚಾಲಿ, ಬಿಳೆಗೋಟು, ಕೆಂಪುಗೋಟು ಸೇರಿಕೊಳ್ಳುತ್ತವೆ. ಪುತ್ತೂರಿನ ಕಡೆಗೆ ಇಳಿದರೆ ಹೊಸ ವೆರೈಟಿ, ಹಳೆ ವೆರೈಟಿ, ಕೋಕಾ. ಎಲ್ಲವೂ ಮಾರುಕಟ್ಟೆಯಲ್ಲಿ ಅಡಿಕೆಯನ್ನು ವಿಂಗಡಿಸುವ ಹೆಸರುಗಳು. ತೋಟದಲ್ಲೇ ಬೆಳೆದವರಿಗೆ ಇದೆಲ್ಲ ಬಾಯಿಪಾಠ. ಆದರೆ ಎಲ್ಲರೂ ತೋಟದಲ್ಲೇ ಉಳಿದಿಲ್ಲ, ಅಲ್ವಾ? ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು ಅಪ್ಪನ ಲೆಕ್ಕಪತ್ರ ನೋಡಿಕೊಳ್ಳಲು ಶುರು ಮಾಡುತ್ತಾಳೆ. ಬಯಲುಸೀಮೆಯಲ್ಲಿ ಹೊಸದಾಗಿ ಅಡಿಕೆ ಹಾಕಿದವರು ಮೊದಲ ಫಸಲನ್ನು ಕೈಯಲ್ಲಿ ಹಿಡಿದು ನಿಂತಿರುತ್ತಾರೆ. ಅವರು ಫೋನ್ ತೆಗೆದು ಕೇಳುವುದು ಒಂದೇ ಪ್ರಶ್ನೆ: ಗೊರಬಲು ಅಂದರೆ ಏನು?

ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವ ಪುಟ ನಿಮ್ಮ ವೆಬ್‌ಸೈಟಿನಲ್ಲಿ ಇದ್ದರೆ, ಓದುಗರಿಗೂ ಅನುಕೂಲ, ನಿಮಗೂ ಅನುಕೂಲ. ಅಡಿಕೆ ಮಂಡಿ, ಸಹಕಾರ ಸಂಘ, ಸುಲಿಯುವ ಯಂತ್ರ ಮಾರುವವರು, ಸಸಿ ಮಾರುವ ನರ್ಸರಿ, ಹೀಗೆ ಯಾರೇ ಆಗಲಿ, ತಮ್ಮ ಕಸುಬಿನ ಪದಕೋಶವನ್ನು ವೆಬ್‌ಸೈಟಿನಲ್ಲಿ ಇಡಬಹುದು. ಹೇಗೆ ಇಡುವುದು ಎನ್ನುವಲ್ಲಿ ಹಲವು ದಾರಿಗಳಿವೆ. ನಾನು ಅಡಿಕೆಯ ಕೆಲಸದವರಿಗಾಗಿ ಇಂಥ ಪದಕೋಶ ಕಟ್ಟಿದ್ದೇನೆ. ಕೆಲವು ದಾರಿಗಳಲ್ಲಿ ಹೋಗಿ ವಾಪಸ್ ಬಂದಿದ್ದೇನೆ. ಅಲ್ಲಿ ಕಂಡದ್ದನ್ನು ಇಲ್ಲಿ ಹೋಲಿಸಿ ಹೇಳುತ್ತೇನೆ.

ಒಂದೇ ಪುಟ, ಅಕ್ಷರಕ್ಕೊಂದು ಪುಟ, ಪದಕ್ಕೊಂದು ಪುಟ

ಮೊದಲು ಎದುರಾಗುವ ಆಯ್ಕೆ ಇದೇ. ಎಲ್ಲ ಪದಗಳನ್ನೂ ಒಂದೇ ಉದ್ದದ ಪುಟದಲ್ಲಿ ಹಾಕಬಹುದು. ಅ, ಆ, ಇ ಎಂದು ಅಕ್ಷರಕ್ಕೊಂದು ಪುಟ ಮಾಡಬಹುದು. ಇಲ್ಲವೇ ಪ್ರತಿ ಪದಕ್ಕೂ ಬೇರೆ ಬೇರೆ ಪುಟ ತೆರೆಯಬಹುದು.

ಅಕ್ಷರಕ್ಕೊಂದು ಪುಟದ ವಿಷಯ ಬೇಗ ಮುಗಿಸುತ್ತೇನೆ. ಅದು ಬೇಡ. ಅಡಿಕೆಯ ಪದಗಳು ಕ, ಬ, ಹ ಅಕ್ಷರಗಳಲ್ಲಿ ಗುಂಪು ಕಟ್ಟಿಕೊಂಡಿವೆ. ಉಳಿದ ಎಷ್ಟೋ ಅಕ್ಷರಗಳ ಪುಟದಲ್ಲಿ ಒಂದೋ ಎರಡೋ ಪದ ಇರುತ್ತದೆ. "ಕ ಅಕ್ಷರದ ಅಡಿಕೆ ಪದಗಳು" ಎಂದು ಯಾರೂ ಹುಡುಕುವುದಿಲ್ಲ. ಓದುವವರಿಗೂ ಬೇಡದ, ಹುಡುಕುವವರಿಗೂ ಬೇಡದ ಪುಟ ಅದು.

ಉಳಿದ ಎರಡರ ನಡುವೆ ನಿಜವಾದ ಯೋಚನೆ ಬೇಕು.

ಒಂದೇ ಪುಟದ ಒಳ್ಳೆಯದೇನೆಂದರೆ, ಅದು ಒಂದು ಸಂಜೆಯಲ್ಲಿ ಶುರುವಾಗುತ್ತದೆ. ಓದುಗರು ರಾಶಿ ನೋಡಲು ಬಂದವರು ಕೆಳಗೆ ಸರಿದು ಸರಕು, ಬೆಟ್ಟೆ ಎಲ್ಲ ಓದಿಕೊಂಡು ಹೋಗುತ್ತಾರೆ. ಈ ಪದಗಳು ಒಂದಕ್ಕೊಂದು ಹೋಲಿಸಿದಾಗಲೇ ಚೆನ್ನಾಗಿ ಅರ್ಥವಾಗುವುದು. ಗೊರಬಲಿಗೆ ಏಕೆ ಕಡಿಮೆ ದರ ಎಂದು ತಿಳಿಯಬೇಕಾದರೆ ಪಕ್ಕದಲ್ಲಿ ರಾಶಿ ಇರಬೇಕು. ಪ್ರತಿ ಪದಕ್ಕೂ ಪುಟದೊಳಗೆ ಒಂದು ಗುರುತು ಕೊಟ್ಟರೆ, ಬೇರೆ ಲೇಖನದಿಂದ ನೇರವಾಗಿ ಆ ಪದಕ್ಕೇ ಲಿಂಕ್ ಕೊಡಬಹುದು.

ಅದರ ತೊಂದರೆ ಏನು? ಆ ಪುಟದ ತಲೆಬರಹ "ಅಡಿಕೆ ಪದಕೋಶ" ಎಂದಿರುತ್ತದೆ. ಯಾರೋ "ಕೊಳೆರೋಗಕ್ಕೆ ಬೋರ್ಡೋ ದ್ರಾವಣ" ಎಂದು ಹುಡುಕಿದಾಗ, ಅದರ ಮೇಲೆಯೇ ಪೂರ್ತಿ ಬರೆದ ಪುಟಗಳು ಬೇರೆ ಕಡೆ ಇದ್ದೇ ಇರುತ್ತವೆ. ನಿಮ್ಮ ಉದ್ದ ಪುಟದ ನಡುವಿನ ಎರಡು ಸಾಲು ಅವುಗಳ ಮುಂದೆ ನಿಲ್ಲುವುದು ಕಷ್ಟ.

ಪದಕ್ಕೊಂದು ಪುಟ ಮಾಡಿದರೆ ಪ್ರತಿ ಪದಕ್ಕೂ ಅದರದೇ ತಲೆಬರಹ, ಅದರದೇ ವಿಳಾಸ, ಅದರದೇ ಫೋಟೊ. ಹುಡುಕಿದವರಿಗೆ ನೇರ ಉತ್ತರ. ಆದರೆ ಇಲ್ಲಿ ಒಂದು ದೊಡ್ಡ ಬಲೆ ಇದೆ. "ಹಾಳೆ: ಅಡಿಕೆ ಗರಿಯ ಬುಡದಲ್ಲಿರುವ ಅಗಲವಾದ ಭಾಗ" ಎಂದು ಒಂದು ಸಾಲು ಬರೆದು, ಸುತ್ತ ಮೆನು, ಜಾಹೀರಾತು, ಫೋನ್ ನಂಬರ್ ತುಂಬಿದ ನೂರು ಪುಟಗಳನ್ನು ನೆನೆದುಕೊಳ್ಳಿ. ಓದುಗರು ಒಂದು ಸಾಲು ಓದಿ ವಾಪಸ್ ಹೋಗುತ್ತಾರೆ. ಓದುಗರಿಗೆ ಉಪಯೋಗವಿಲ್ಲದ ಪುಟಗಳನ್ನು ಸರ್ಚಿಗಾಗಿಯೇ ರಾಶಿ ರಾಶಿ ಹಾಕುವುದನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ತನ್ನ ಸ್ಪ್ಯಾಮ್ ನಿಯಮಗಳಲ್ಲೇ ಸೇರಿಸಿತು. ಮನುಷ್ಯರು ಬರೆದರೂ ಅಷ್ಟೇ, ಯಂತ್ರ ಬರೆದರೂ ಅಷ್ಟೇ.

ನಾನು ಕೊನೆಗೆ ನಿಂತದ್ದು ಎರಡನ್ನೂ ಬೆರೆಸಿದ ದಾರಿಯಲ್ಲಿ. ಮೊದಲು ಎಲ್ಲ ಪದಗಳೂ ಒಂದೇ ಪುಟಕ್ಕೆ ಬರಲಿ. ಪ್ರತಿ ಪದಕ್ಕೂ ಎರಡು ಮೂರು ಸಾಲು. ಆಮೇಲೆ ಒಂದೊಂದೇ ಪದ ತೆಗೆದು ಕೇಳಿಕೊಳ್ಳಿ: ಇದಕ್ಕೆ ಒಂದು ಪುಟ ತುಂಬುವಷ್ಟು ಮಾತು ನಮ್ಮ ಬಳಿ ಇದೆಯೇ? ಚಾಲಿಗೆ ಇದೆ. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಬಿಸಿಲಲ್ಲಿ ಸುಮಾರು 40ರಿಂದ 45 ದಿನ ಒಣಗಿಸುವುದು, ಆಮೇಲೆ ಸುಲಿಯುವುದು, ಒಣಗಿದ್ದು ಸಾಕೇ ಎಂದು ನೋಡುವುದು, ಮಳೆ ಬಂದಾಗ ಅಂಗಳದಿಂದ ಎತ್ತುವುದು, ಹಳೆಯದಾದಷ್ಟೂ ದರ ಬೇರೆಯಾಗುವುದು. ಬರೆಯುತ್ತಾ ಹೋದರೆ ಪುಟ ತಾನೇ ತುಂಬುತ್ತದೆ. ಕೊಳೆರೋಗಕ್ಕೂ ಇದೆ. ಆದರೆ ಹಾಳೆಗೆ? ನೀವು ಹಾಳೆ ತಟ್ಟೆ ಮಾಡುವವರಾದರೆ ಇದೆ. ಅಡಿಕೆ ಮಂಡಿಯವರಾದರೆ ಎರಡು ಸಾಲು ಸಾಕು. ಅದು ಮೊದಲ ಪುಟದಲ್ಲೇ ಇರಲಿ.

ಹೀಗೆ ಮಾಡಿದಾಗ ದೊಡ್ಡ ಪುಟ ಬಾಗಿಲಾಗುತ್ತದೆ. ಬೇರೆ ಪುಟ ಪಡೆದ ಪದಗಳ ಎರಡು ಸಾಲಿನ ವಿವರಣೆಯೂ ಅಲ್ಲಿ ಇರುತ್ತದೆ, ಕೆಳಗೆ ಒಳಪುಟದ ಲಿಂಕ್. ಆ ಎರಡು ಸಾಲು ಮತ್ತು ಒಳಪುಟದ ಮೊದಲ ಸಾಲು ಅಕ್ಷರಶಃ ಒಂದೇ ಆಗದಂತೆ ನೋಡಿಕೊಳ್ಳಿ, ಅಷ್ಟೇ.

ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. "ರಾಶಿ ಅಡಿಕೆ ದರ" ಎಂದು ಹುಡುಕುವವರಿಗೆ ಅರ್ಥ ಬೇಡ, ಇವತ್ತಿನ ದರ ಬೇಕು. "ರಾಶಿ ಅಡಿಕೆ ಎಂದರೇನು" ಎನ್ನುವವರಿಗೆ ಅರ್ಥ ಬೇಕು. ಇವೆರಡನ್ನೂ ಒಂದೇ ಪುಟದಲ್ಲಿ ಹಿಡಿಯಲು ಹೋಗಬೇಡಿ. ಪದಕೋಶದ ಪುಟದಲ್ಲಿ ದರ ಬರೆದರೆ ಮಾರನೆಯ ದಿನ ಅದು ಹಳತಾಗುತ್ತದೆ. ತಪ್ಪು ದರ ನೋಡಿ ಯಾರಾದರೂ ಮಾಲು ಹೊತ್ತು ಬಂದರೆ ಅದರ ಭಾರ ನಿಮ್ಮ ಮೇಲೆ. ದರದ ಪುಟ ಬೇರೆ ಇರಲಿ, ಎರಡರ ನಡುವೆ ಲಿಂಕ್ ಇರಲಿ.

ಯಾವ ಪದ: ಪುಸ್ತಕದ್ದೋ, ಅಂಗಳದ್ದೋ

ಈ ವಿಷಯದಲ್ಲಿ ನನಗೆ ನೋವಿದೆ. ಪರಿಚಯದ ಒಬ್ಬ ವ್ಯಾಪಾರಿಗೆ ಒಂದು ಏಜೆನ್ಸಿಯವರು ಮುನ್ನೂರು ಪದಗಳ ಪದಕೋಶ ಮಾಡಿಕೊಟ್ಟಿದ್ದರು. ಎಲ್ಲವೂ ಇಂಗ್ಲಿಷ್ ಕೃಷಿ ನಿಘಂಟಿನಿಂದ ತೆಗೆದು ಯಂತ್ರದಲ್ಲಿ ಕನ್ನಡಕ್ಕೆ ಇಳಿಸಿದ್ದು. ಅದರಲ್ಲಿ ಕೊನೆ ಎನ್ನುವ ಪದವೇ ಇರಲಿಲ್ಲ. "ಅಡಿಕೆಯ ಗುಚ್ಛ" ಎಂದು ಇತ್ತು. ಮಲೆನಾಡಿನಲ್ಲಿ ಯಾರು ಗುಚ್ಛ ಕೊಯ್ಯುತ್ತಾರೆ? ಕೊನೆ ಕೊಯ್ಯುತ್ತಾರೆ, ಕೊಯ್ಯುವವನು ಕೊನೆಗೌಡ. ಆ ವ್ಯಾಪಾರಿ ದುಡ್ಡು ಕೊಟ್ಟಿದ್ದರು. ಆದರೆ ಅವರ ಗಿರಾಕಿಗಳು ಆಡುವ ಒಂದು ಮಾತೂ ಅದರಲ್ಲಿ ಇರಲಿಲ್ಲ.

ಹಾಗಾಗಿ ಆಯ್ಕೆ ಹೀಗೆ ನಿಲ್ಲುತ್ತದೆ. ಪುಸ್ತಕದ ಪದಗಳ ದೊಡ್ಡ ಪಟ್ಟಿ ಒಂದು ಕಡೆ. ನಿಮ್ಮ ಅಂಗಳ, ಮಂಡಿ, ದರಪಟ್ಟಿ, ಬಿಲ್ಲಿನಲ್ಲಿ ಬರುವ ಪದಗಳ ಸಣ್ಣ ಪಟ್ಟಿ ಇನ್ನೊಂದು ಕಡೆ. ನನ್ನ ಮಾತು ಕೇಳಿದರೆ ಸಣ್ಣ ಪಟ್ಟಿಯೇ ಗೆಲ್ಲುತ್ತದೆ. ಕಾರಣ ಸರಳ. ದ್ಯುತಿಸಂಶ್ಲೇಷಣೆಗೆ ಅರ್ಥ ಕೊಡುವ ಪುಟಗಳು ಬೇಕಾದಷ್ಟಿವೆ, ನಿಮ್ಮ ಪುಟ ಅಲ್ಲಿ ಯಾರಿಗೂ ಬೇಕಿಲ್ಲ. ಆದರೆ ದಾಸ್ತಾನಿನ ಹಳೆ ಅಡಿಕೆಗೆ ಹೇಳುವ ಸಿಂಗಲ್ ಚೋಲ್ ಅಂದರೇನು, ಡಬಲ್ ಚೋಲ್ ಅಂದರೇನು ಎಂದು ಬಿಡಿಸಿ, ಫೋಟೊ ಸಮೇತ ಕನ್ನಡದಲ್ಲಿ ಹೇಳಬಲ್ಲವರು ಕಡಿಮೆ. ನೀವು ಹೇಳಬಲ್ಲಿರಿ.

ಅಡಿಕೆಯಲ್ಲಿ ಇದಕ್ಕಿಂತ ದೊಡ್ಡ ಕಾರಣವೂ ಇದೆ. ಪದ ಒಂದೇ ಆದರೂ ಹೊರಗಿನವರಿಗೆ ಅದು ಬೇರೆಯೇ ಆಗಿ ಕೇಳಿಸುತ್ತದೆ. ಹೊಸ ವೆರೈಟಿ ಎಂದರೆ ಹೊಸ ತಳಿ ಎಂದು ತಿಳಿದುಕೊಳ್ಳುವವರಿದ್ದಾರೆ. ಕರಾವಳಿಯ ಮಾರುಕಟ್ಟೆಯಲ್ಲಿ ಅದು ಈ ಸಾಲಿನ ಅಡಿಕೆ. ಹಳೆ ವೆರೈಟಿ ಎಂದರೆ ದಾಸ್ತಾನು ಇಟ್ಟ ಹಿಂದಿನ ಅಡಿಕೆ. ತಳಿ ಎನ್ನುವುದು ಬೇರೆ ಮಾತು. ಮಂಗಳ, ಸುಮಂಗಳ, ಶ್ರೀಮಂಗಳ, ಮೋಹಿತ್‌ನಗರ ಇವು ತಳಿಗಳು. ನರ್ಸರಿಯವರು ಪದಕೋಶ ಬರೆಯುವಾಗ ಈ ಎರಡನ್ನೂ ಎದುರುಬದುರು ಇಟ್ಟು ಬಿಡಿಸಿ ಹೇಳಿದರೆ, ಗಿಡ ಹುಡುಕಿ ಬಂದವರಿಗೂ ದರ ಹುಡುಕಿ ಬಂದವರಿಗೂ ದಾರಿ ತಪ್ಪುವುದಿಲ್ಲ.

ಉಳ್ಳಿಗಡ್ಡೆ ನೋಡಿ. ಉತ್ತರ ಕರ್ನಾಟಕದವರಿಗೆ ಅದು ಅಡುಗೆಮನೆಯ ಈರುಳ್ಳಿ. ಕರಾವಳಿಯ ಅಡಿಕೆ ಮಂಡಿಯಲ್ಲಿ ಅದು ಪಟೋರ, ಕರಿಗೋಟುಗಳ ಜೊತೆ ಬರುವ ಕಡಿಮೆ ದರ್ಜೆಯ ಅಡಿಕೆಯ ಹೆಸರು. ಬರೀ "ಉಳ್ಳಿಗಡ್ಡೆ" ಎಂದು ಪುಟದ ತಲೆಬರಹ ಕೊಟ್ಟರೆ ಈರುಳ್ಳಿ ದರ ಹುಡುಕುವವರ ನಡುವೆ ನಿಮ್ಮ ಪುಟ ಕಳೆದುಹೋಗುತ್ತದೆ. "ಉಳ್ಳಿಗಡ್ಡೆ ಅಡಿಕೆ" ಎಂದು ಕೊಡಿ. ರಾಶಿಗೂ ಹಾಗೆಯೇ, ಇಲ್ಲದಿದ್ದರೆ ಜಾತಕದ ರಾಶಿಗಳ ಜೊತೆ ಪೈಪೋಟಿ. ಸರಕಿಗೂ ಹಾಗೆಯೇ. ಹಿಂಗಾರಕ್ಕೂ ಹಾಗೆಯೇ, ಅದು ಅಡಿಕೆಯ ಹೂಗೊಂಚಲು. ಒಂದು ಕೊಂಬು ಹೆಚ್ಚಾದರೆ ಹಿಂಗಾರು, ಮಳೆಗಾಲದ ಹೆಸರು.

ಒಂದೇ ವಸ್ತುವಿಗೆ ಊರಿಗೊಂದು ಹೆಸರಿರುವುದೂ ಉಂಟು. ಕೊಳೆರೋಗ ಎಂದರೂ ಮಹಾಳಿ ಎಂದರೂ ರೋಗ ಒಂದೇ. ಬೇಯಿಸಿ ಮಾಡುವ ಕೆಂಪಡಿಕೆಗೆ ಬಣ್ಣ ಕೊಡುವ ರಸವನ್ನು ಚೊಗರು ಎನ್ನುವವರಿದ್ದಾರೆ, ತೊಗರು ಎನ್ನುವವರಿದ್ದಾರೆ. ಎರಡು ಹೆಸರಿಗೆ ಎರಡು ಪುಟ ಮಾಡಬೇಕೇ? ಬೇಡ. ಒಂದೇ ಪುಟ ಇರಲಿ, ತಲೆಬರಹದಲ್ಲಿ ಹೆಚ್ಚು ಜನ ಆಡುವ ಹೆಸರು, ಮೊದಲ ಸಾಲಿನಲ್ಲೇ ಇನ್ನೊಂದು ಹೆಸರು. ಯಾವ ಸೀಮೆಯಲ್ಲಿ ಯಾವ ಹೆಸರು ಎಂದೂ ಬರೆಯಿರಿ. ಆ ಒಂದು ಸಾಲು ಓದಿದ ಕೂಡಲೇ ಓದುಗರಿಗೆ ಇವರು ಅಡಿಕೆ ಗೊತ್ತಿದ್ದವರು ಎಂಬ ನಂಬಿಕೆ ಬರುತ್ತದೆ.

ಕನ್ನಡದಲ್ಲೋ, ಇಂಗ್ಲಿಷ್‌ನಲ್ಲೋ, ಎರಡರಲ್ಲೂ

ಹುಡುಕುವವರು ಮೂರು ಥರ ಟೈಪ್ ಮಾಡುತ್ತಾರೆ. ಕನ್ನಡ ಅಕ್ಷರದಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಪದವನ್ನು, ಇಲ್ಲವೇ ನೇರ ಇಂಗ್ಲಿಷ್ ಪದವನ್ನು. ಮೂರನೆಯವರು ಹೆಚ್ಚಾಗಿ ಹೊರರಾಜ್ಯದ ಖರೀದಿದಾರರು ಮತ್ತು ಓದಿಗಾಗಿ ಹುಡುಕುವವರು.

ಬರೀ ಕನ್ನಡದ ಪದಕೋಶ ಯಾರಿಗೆ ಸರಿ? ರೈತರೇ ನಿಮ್ಮ ಗಿರಾಕಿಗಳಾದರೆ. ಸಹಕಾರ ಸಂಘ, ಔಷಧಿ ಅಂಗಡಿ, ಮರ ಹತ್ತುವ ಯಂತ್ರ ಮಾರುವವರು ಕನ್ನಡದಲ್ಲೇ ಮಾಡಲಿ. ಪುಟದ ಒಂದು ಕಡೆ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿಯೂ ಒಮ್ಮೆ ಬರೆದರೆ ಸಾಕು. ದೋಟಿಯಂಥ ಪದಕ್ಕೆ ಇದು ಬಹಳ ಮುಖ್ಯ. ಕೊನೆ ಕೊಯ್ಯುವ, ಔಷಧಿ ಹೊಡೆಯುವ ಕಾರ್ಬನ್ ಫೈಬರ್ ದೋಟಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ ಅದು ಉಡುವ ಪಂಚೆಯ ಹೆಸರಿಗೆ ತೀರಾ ಹತ್ತಿರ ಬರುತ್ತದೆ. ಪಕ್ಕದಲ್ಲೇ ಅಡಿಕೆ ಎನ್ನುವ ಮಾತು ಇದ್ದರೆ ಗೊಂದಲ ಕಡಿಮೆ.

ಹೊರಗೆ ಮಾರುವವರಾದರೆ ಇಂಗ್ಲಿಷ್ ಆವೃತ್ತಿ ಬೇಕು. ಆಗ ಒಂದೇ ಪುಟದಲ್ಲಿ ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಕಲಸಬೇಡಿ. ಎರಡು ಪುಟ ಮಾಡಿ, ಇದು ಕನ್ನಡದ್ದು, ಇದು ಅದರ ಇಂಗ್ಲಿಷ್ ಜೋಡಿ ಎಂದು ಎಚ್‌ರೆಫ್‌ಲ್ಯಾಂಗ್ ಗುರುತಿನಿಂದ ಗೂಗಲ್‌ಗೆ ತಿಳಿಸಿ. ಆ ಗುರುತು ಎರಡೂ ಪುಟದಲ್ಲಿ ಇರಬೇಕು, ಒಂದರಲ್ಲಿ ಮಾತ್ರ ಇದ್ದರೆ ಕೆಲಸಕ್ಕೆ ಬರುವುದಿಲ್ಲ. ಇಂಗ್ಲಿಷ್ ಪುಟದಲ್ಲಿ ಸುಪಾರಿ ಎನ್ನುವ ಮಾತನ್ನು ಮರೆಯಬೇಡಿ. ಉತ್ತರದ ಖರೀದಿದಾರರಿಗೆ ಗೊತ್ತಿರುವುದು ಅದೇ. ಶಿರಸಿಯ ಅಡಿಕೆಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದ್ದೂ ಸಿರ್ಸಿ ಸುಪಾರಿ ಎಂಬ ಹೆಸರಿನಲ್ಲೇ.

ಕನ್ನಡದಲ್ಲಿ ಮಾಡುವವರಿಗೆ ನಾಲ್ಕು ತಾಂತ್ರಿಕ ವಿಷಯಗಳು. ಇವನ್ನು ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಹುಡುಕಿದರೆ ಸಿಗುವುದು ಕಷ್ಟ, ಅದಕ್ಕೇ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಒಂದು, ಪುಟದ ವಿಳಾಸ. ವಿಳಾಸದಲ್ಲಿ ಕನ್ನಡ ಅಕ್ಷರ ಇಡಬಹುದು, ಗೂಗಲ್ ಓದುತ್ತದೆ. ಆದರೆ ಅದನ್ನು ನಕಲು ಮಾಡಿ ವಾಟ್ಸಾಪ್‌ಗೆ ಹಾಕಿದಾಗ ಎಷ್ಟೋ ಸಲ ಶೇಕಡಾ ಚಿಹ್ನೆಗಳ ಉದ್ದ ಸಾಲಾಗಿ ಕಾಣುತ್ತದೆ. ಕಂಪ್ಯೂಟರಿನ ಒಳಗೆ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. ವಿಳಾಸದಲ್ಲಿ ಅದು ಒಂಬತ್ತು ಅಕ್ಷರವಾಗಿ ಬಿಚ್ಚಿಕೊಳ್ಳುತ್ತದೆ. "ಅಡಿಕೆ" ಎನ್ನುವುದರಲ್ಲಿ ಗುಣಿತದ ಚಿಹ್ನೆಯೂ ಸೇರಿ ಐದು, ಅಂದರೆ 45 ಅಕ್ಷರ. ಅಂಥ ವಿಳಾಸ ನೋಡಿದ ರೈತರು ವೈರಸ್ ಇರಬಹುದೆಂದು ಲಿಂಕ್ ಒತ್ತಲು ಹೆದರುತ್ತಾರೆ. ಅಡಿಕೆಯ ಸುದ್ದಿ ಹರಡುವುದು ವಾಟ್ಸಾಪ್ ಗುಂಪುಗಳಲ್ಲೇ. ಹಾಗಾಗಿ ನಾನು ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಇಡುತ್ತೇನೆ. ತಲೆಬರಹ, ಒಳಗಿನ ಮಾತು ಎಲ್ಲ ಕನ್ನಡ.

ಎರಡು, ಹಳೆಯ ಕಡತಗಳು. ಸಂಘಗಳಲ್ಲಿ ಒಳ್ಳೊಳ್ಳೆಯ ಮಾಹಿತಿ ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದು ಇರುತ್ತದೆ. ಅದು ಎಲ್ಲ ಕಂಪ್ಯೂಟರುಗಳೂ ಒಂದೇ ಥರ ಓದುವ ಯೂನಿಕೋಡ್ ಅಲ್ಲ. ಕಣ್ಣಿಗೆ ಕನ್ನಡ, ಗೂಗಲ್‌ಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಿ. ಆಮೇಲೆ ಒತ್ತಕ್ಷರ, ಅರ್ಕಾವತ್ತು ಕೆಟ್ಟಿದೆಯೇ ಎಂದು ಕೂತು ಓದಿ. ಪದಪಟ್ಟಿಯನ್ನು ಚಿತ್ರವಾಗಿ ಹಾಕುವುದಂತೂ ಬೇಡವೇ ಬೇಡ.

ಮೂರು, ಅಕ್ಷರಕ್ರಮ. ಕಂಪ್ಯೂಟರಿಗೆ ಸುಮ್ನೆ ವಿಂಗಡಿಸು ಎಂದರೆ ಅದು ಎಷ್ಟೋ ಸಲ ಯೂನಿಕೋಡ್ ಅಂಕಿಯ ಪ್ರಕಾರ ಜೋಡಿಸುತ್ತದೆ. ಅಲ್ಲಿ ಳ ಅಕ್ಷರ ಲ ಆದ ಕೂಡಲೇ ಬರುತ್ತದೆ. ನಮ್ಮ ವರ್ಣಮಾಲೆಯಲ್ಲಿ ಅದು ಹ ಆದ ಮೇಲೆ. ಪರಿಣಾಮ, "ಹಳೆ ವೆರೈಟಿ" ಮೊದಲು ಬಂದು "ಹಸ" ಎಂಬ ದರ್ಜೆ ಆಮೇಲೆ ಬರುತ್ತದೆ. ಶಾಲೆಯಲ್ಲಿ ಕಲಿತ ಕ್ರಮದಲ್ಲಿ ಕಣ್ಣಾಡಿಸುವವರಿಗೆ ಪದ ಸಿಗುವುದಿಲ್ಲ. ನಲವತ್ತು ಪದ ಇದ್ದರೆ ಕೈಯಲ್ಲೇ ಸರಿಮಾಡಿ. ನನಗೆ ಕೇಳಿದರೆ ಅಕ್ಷರಕ್ರಮಕ್ಕಿಂತ ಕೆಲಸದ ಕ್ರಮ ಇನ್ನೂ ಒಳ್ಳೆಯದು: ತೋಟ, ರೋಗ, ಕೊಯ್ಲು, ಬೇಯಿಸುವುದು ಮತ್ತು ಒಣಗಿಸುವುದು, ಮಂಡಿ.

ನಾಲ್ಕು, ನಿಮ್ಮ ವೆಬ್‌ಸೈಟಿನೊಳಗಿನ ಹುಡುಕುವ ಪೆಟ್ಟಿಗೆ. ಗೂಗಲ್ ಎಷ್ಟೋ ಕಾಗುಣಿತ ತಪ್ಪುಗಳನ್ನು ಹೊಂದಿಸಿಕೊಳ್ಳುತ್ತದೆ. ನಿಮ್ಮ ಪೆಟ್ಟಿಗೆ ಹೊಂದಿಸಿಕೊಳ್ಳುವುದಿಲ್ಲ. ಅಡಿಕೆ ಎಂದು ನೀವು ಬರೆದಿದ್ದು, ಅವರು ಅಡಕೆ ಎಂದು ಹೊಡೆದರೆ ಏನೂ ಬರುವುದಿಲ್ಲ. "ಕೋಕಾ" ಪದದ ಕೋ ಅಕ್ಷರವನ್ನೇ ಎರಡು ಮೂರು ರೀತಿಯ ಚಿಹ್ನೆಗಳನ್ನು ಜೋಡಿಸಿ ಟೈಪ್ ಮಾಡಲು ಸಾಧ್ಯ. ನೋಡಲು ಒಂದೇ, ಒಳಗೆ ಬೇರೆ ಬೇರೆ. ಮೋಹಿತ್‌ನಗರದಂಥ ಪದದ ನಡುವೆ ಕಾಣದ ಒಂದು ಬಿಡಿಸುವ ಚಿಹ್ನೆ ಇರುತ್ತದೆ, ಕೆಲವರು ಅದನ್ನು ಹಾಕುವುದಿಲ್ಲ. ಸೈಟ್ ಮಾಡುವವರಿಗೆ ಹೇಳಿ: ಹುಡುಕುವ ಮೊದಲು ಯೂನಿಕೋಡ್ ರೂಪವನ್ನು ಏಕರೂಪ ಮಾಡಿ, ಕಾಣದ ಚಿಹ್ನೆ ತೆಗೆಯಿರಿ, ಪ್ರತಿ ಪದಕ್ಕೂ ಬೇರೆ ಕಾಗುಣಿತಗಳ ಪಟ್ಟಿ ಜೋಡಿಸಿ.

ಲಿಂಕ್ ತಾನೇ ಬೀಳಬೇಕೋ, ಕೈಯಲ್ಲಿ ಕೊಡಬೇಕೋ

ಪದಕೋಶದ ಪದ ಲೇಖನದಲ್ಲಿ ಎಲ್ಲಿ ಬಂದರೂ ತಾನೇ ಲಿಂಕ್ ಹಾಕುವ ಪ್ಲಗಿನ್‌ಗಳಿವೆ. ಇಂಗ್ಲಿಷ್ ಸೈಟುಗಳಲ್ಲಿ ಅವು ಒಂದು ಮಟ್ಟಿಗೆ ನಡೆಯುತ್ತವೆ. ಕನ್ನಡದಲ್ಲಿ ನನ್ನ ಅನುಭವ ಚೆನ್ನಾಗಿರಲಿಲ್ಲ. ಪೂರ್ತಿ ಪದ ಹೊಂದಿದರೆ ಮಾತ್ರ ಲಿಂಕ್ ಹಾಕು ಎಂದರೆ, "ಬೆಟ್ಟೆಗೆ", "ಬೆಟ್ಟೆಯ", "ಬೆಟ್ಟೆಯನ್ನು" ಯಾವುದಕ್ಕೂ ಲಿಂಕ್ ಬೀಳಲಿಲ್ಲ. ಕನ್ನಡದಲ್ಲಿ ಪದ ಬರಿಗಾಲಲ್ಲಿ ಬರುವುದು ಕಡಿಮೆ, ವಿಭಕ್ತಿ ಹಚ್ಚಿಕೊಂಡೇ ಬರುತ್ತದೆ. ಸರಿ, ಪದದ ಮೊದಲ ಭಾಗ ಹೊಂದಿದರೆ ಸಾಕು ಎಂದು ಬದಲಾಯಿಸಿದಾಗ, "ಕೊನೆಗೆ", "ಕೊನೆಯಲ್ಲಿ" ಎಂದು ಬಂದಲ್ಲೆಲ್ಲ ಅಡಿಕೆ ಕೊನೆಗೆ ಲಿಂಕ್ ಬಿತ್ತು. ಸರಕು ಸಾಗಣೆಯ ಲಾರಿಯ ಮಾತು ಬಂದಲ್ಲಿ ಸರಕಡಿಕೆಗೆ ಲಿಂಕ್. ಓದುವವರಿಗೆ ಕಿರಿಕಿರಿ.

ಕೈಯಲ್ಲೇ ಕೊಡಿ. ಒಂದು ಲೇಖನದಲ್ಲಿ ಒಂದು ಪದಕ್ಕೆ ಒಂದೇ ಸಲ, ಮೊದಲ ಬಾರಿ ಬಂದಲ್ಲಿ. ಇದು ನಿಧಾನದ ಕೆಲಸ. ಆದರೆ ಐವತ್ತು ಲೇಖನ ಇರುವ ಸೈಟಿಗೆ ಒಂದೆರಡು ದಿನದ ಕೆಲಸ ಅಷ್ಟೇ. ಸಾವಿರಾರು ಪುಟಗಳಿರುವ ದೊಡ್ಡ ಸೈಟಾದರೆ ಪ್ಲಗಿನ್ ಬಳಸಿ, ಆದರೆ ಕೊನೆ, ರಾಶಿ, ಸರಕು, ಹಾಳೆಯಂಥ ಎರಡರ್ಥದ ಪದಗಳನ್ನು ಅದರಿಂದ ಹೊರಗಿಡಿ.

ವಿವರಣೆ: ಮೂರು ಮಾದರಿ

ಚಾಲಿಗೆ ಮೂರು ಥರ ವಿವರಣೆ ಬರೆದು ನೋಡೋಣ.

"ಚಾಲಿ: ಅಡಿಕೆಯ ಒಂದು ವಿಧ." ಇದು ತಪ್ಪಲ್ಲ. ಆದರೆ ಇದರಿಂದ ಯಾರಿಗೂ ಏನೂ ಸಿಗಲಿಲ್ಲ.

"ಅಡಿಕೆಯು ಭಾರತದ ಪ್ರಮುಖ ವಾಣಿಜ್ಯ ಬೆಳೆಯಾಗಿದ್ದು, ಅನಾದಿ ಕಾಲದಿಂದಲೂ ಧಾರ್ಮಿಕ ಕಾರ್ಯಗಳಲ್ಲಿ ಬಳಕೆಯಲ್ಲಿದೆ..." ಹೀಗೆ ಶುರುವಾಗಿ ಐದನೆಯ ಪ್ಯಾರಾದಲ್ಲಿ ಚಾಲಿಗೆ ಬರುವುದು. ಪದಗಳ ಸಂಖ್ಯೆ ಹೆಚ್ಚಾದರೆ ಗೂಗಲ್ ಮೇಲೆ ತರುತ್ತದೆ ಎಂದು ನಂಬಿ ಹೀಗೆ ಬರೆಯುತ್ತಾರೆ. ಫೋನ್ ಹಿಡಿದು ಅಂಗಳದಲ್ಲಿ ನಿಂತವರಿಗೆ ಐದನೆಯ ಪ್ಯಾರಾದವರೆಗೆ ತಾಳ್ಮೆ ಇರುವುದಿಲ್ಲ.

"ಚಾಲಿ ಎಂದರೆ ಹಣ್ಣಾದ ಅಡಿಕೆಯನ್ನು ಸಿಪ್ಪೆ ಸಮೇತ ಬಿಸಿಲಲ್ಲಿ ಒಣಗಿಸಿ, ಆಮೇಲೆ ಸುಲಿದ ಬಿಳಿ ಅಡಿಕೆ. ಕಾಯಿ ಇರುವಾಗಲೇ ಸುಲಿದು ಬೇಯಿಸುವ ಕೆಂಪಡಿಕೆಗಿಂತ ಇದು ಬೇರೆ." ನಾನು ಆರಿಸುವುದು ಇದನ್ನು. ಮೊದಲ ವಾಕ್ಯ ಒಂಟಿಯಾಗಿ ನಿಂತರೂ ಅರ್ಥ ಕೊಡುತ್ತದೆ. ಗೂಗಲ್ ತನ್ನ ಉತ್ತರದ ಪೆಟ್ಟಿಗೆಗೆ ಎತ್ತಿಕೊಳ್ಳಬಹುದಾದ ಸಾಲೂ ಇಂಥದ್ದೇ. ಎರಡನೆಯ ವಾಕ್ಯ ಯಾವುದರಿಂದ ಬೇರೆ ಎಂದು ಹೇಳುತ್ತದೆ. ಇದರ ಕೆಳಗೆ ಬೇಕಾದಷ್ಟು ವಿಸ್ತಾರ ಮಾಡಿ.

ಅಳತೆ ಇರುವಲ್ಲಿ ಅಳತೆ ಕೊಡಿ. "ಬೋರ್ಡೋ ದ್ರಾವಣ ಎಂದರೆ ಶಿಲೀಂಧ್ರನಾಶಕ" ಎಂದು ನಿಲ್ಲಿಸಬೇಡಿ. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಎಂದು ಬರೆಯಿರಿ. ಮಳೆ ಹಿಡಿಯುವ ಮೊದಲು ಒಂದು ಸಲ, ಆಮೇಲೆ ಸುಮಾರು 40ರಿಂದ 45 ದಿನಕ್ಕೆ ಇನ್ನೊಂದು ಸಲ ಹೊಡೆಯುತ್ತಾರೆ ಎಂದೂ ಸೇರಿಸಿ. ಅದರ ಪಕ್ಕ, ಔಷಧಿಯ ಬದಲು ಅಡಿಕೆ ಕೊನೆಗೆ ಮಳೆ ತಾಗದಂತೆ ಹೊದಿಕೆ ಹಾಕುವ, ಅಂದರೆ ಕೊಟ್ಟೆ ಕಟ್ಟುವ, ಪದ್ಧತಿಯ ಹೆಸರೂ ಬರಲಿ.

ಒಂದು ಎಚ್ಚರಿಕೆಯನ್ನು ಮನಸ್ಸಿಟ್ಟು ಹೇಳುತ್ತೇನೆ. ಪದಕೋಶದಲ್ಲಿ "ಅಡಿಕೆಯ ಔಷಧೀಯ ಗುಣಗಳು" ಎಂದು ಸೇರಿಸುವ ಆಸೆ ಬರುತ್ತದೆ, ಅದನ್ನು ಹುಡುಕುವವರು ಇದ್ದಾರೆ. ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿ ವರದಿ ಪ್ರಕಟಿಸಿದೆ. ಈ ವಿಷಯದಲ್ಲಿ ಬೆಳೆಗಾರರಿಗೆ ಸಂಕಟವಿದೆ, ವಾದವಿದೆ, ನನಗೂ ಗೊತ್ತು. ಆದರೆ ಆರೋಗ್ಯದ ಮಾತನ್ನು ಓದುಗರು ನಂಬಿ ಪಾಲಿಸುತ್ತಾರೆ. ನಾವು ಹೇಳಬಲ್ಲದ್ದು ಕೃಷಿ ಮತ್ತು ಮಾರುಕಟ್ಟೆಯ ಮಾತು, ಅಲ್ಲಿಗೇ ನಿಲ್ಲೋಣ.

ಬೇಗ ಹೇಳಿ ಮುಗಿಸಬಹುದಾದ ಆಯ್ಕೆಗಳು

ಪದಕೋಶಕ್ಕೆ ಬೇರೆ ಉಪಡೊಮೇನ್, ಅಂದರೆ ಸೈಟಿನ ಹೆಸರಿನ ಮುಂದೆ ಇನ್ನೊಂದು ಹೆಸರು ಸೇರಿಸಿದ ವಿಳಾಸ, ಬೇಕೇ, ಇರುವ ಸೈಟಿನೊಳಗೇ ಒಂದು ವಿಭಾಗ ಸಾಕೇ? ವಿಭಾಗ ಸಾಕು. ಗೂಗಲ್ ಎರಡನ್ನೂ ಒಪ್ಪುತ್ತದೆ, ಆದರೆ ಸಣ್ಣವರಿಗೆ ಎರಡು ಕಡೆ ನೋಡಿಕೊಳ್ಳುವುದು ಹೊರೆ.

ಪುಟದಲ್ಲಿ ಏನಿದೆ ಎಂದು ಸರ್ಚ್ ಯಂತ್ರಕ್ಕೆ ತಿಳಿಸುವ ಸ್ಕೀಮಾ ಗುರುತು ಹಾಕಬೇಕೇ? ಸ್ಕೀಮಾ ಪಟ್ಟಿಯಲ್ಲಿ ಪದಕೋಶದ ಪದಗಳಿಗೆಂದೇ ಡಿಫೈನ್ಡ್ ಟರ್ಮ್ ಎಂಬ ಗುರುತಿದೆ. ಹಾಕಿದರೆ ತಪ್ಪಿಲ್ಲ. ಅದರಿಂದ ಹುಡುಕಾಟದಲ್ಲಿ ವಿಶೇಷ ಪೆಟ್ಟಿಗೆ ಬರುತ್ತದೆ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಪ್ರಶ್ನೋತ್ತರದ ಗುರುತೂ ಅಷ್ಟೇ. 2023ರ ಆಗಸ್ಟ್‌ನಲ್ಲಿ ಗೂಗಲ್ ಅದರ ವಿಶೇಷ ನೋಟವನ್ನು ಹೆಸರಾಂತ ಸರ್ಕಾರಿ ಮತ್ತು ಆರೋಗ್ಯ ತಾಣಗಳಿಗೆ ಮಾತ್ರ ಸೀಮಿತ ಮಾಡಿತು.

ಒತ್ತಿದರೆ ಬಿಚ್ಚಿಕೊಳ್ಳುವ ಪಟ್ಟಿ ಇಡಬಹುದೇ? ಇಡಬಹುದು. ಆದರೆ ವಿವರಣೆ ಮೊದಲೇ ಪುಟದಲ್ಲಿ ಇರಬೇಕು. ಒತ್ತಿದ ಮೇಲೆ ಸರ್ವರಿನಿಂದ ತರುವಂತಿದ್ದರೆ ಗೂಗಲ್‌ಗೆ ಅದು ಕಾಣುವುದಿಲ್ಲ, ಅದು ಗುಂಡಿ ಒತ್ತುವುದಿಲ್ಲ.

ಫಲ ಸಿಕ್ಕಿದೆಯೇ ಎಂದು ನೋಡುವುದು

ಗೂಗಲ್ ಸರ್ಚ್ ಕನ್ಸೋಲ್ ಉಚಿತ. ಅದರಲ್ಲಿ ಜನ ಯಾವ ಮಾತು ಟೈಪ್ ಮಾಡಿದಾಗ ನಿಮ್ಮ ಪುಟ ಕಾಣಿಸಿತು ಎಂಬ ಪಟ್ಟಿ ಬರುತ್ತದೆ. ಪದಗಳನ್ನು ಆರಿಸಲು ದುಬಾರಿ ಸಾಧನಗಳಿಗಿಂತ ನನಗೆ ಈ ಪಟ್ಟಿಯೇ ಇಷ್ಟ. ದುಬಾರಿ ಸಾಧನಗಳು ಗೊರಬಲಿನಂಥ ಪದಕ್ಕೆ ಅಂಕಿಯನ್ನೇ ತೋರಿಸದೆ ಇರಬಹುದು. ಅಂಕಿ ಇಲ್ಲ ಎಂದರೆ ಕೇಳುವವರಿಲ್ಲ ಎಂದಲ್ಲ. ಮಂಡಿಯ ಗುಮಾಸ್ತರನ್ನು ಕೇಳಿ, ದಿನಕ್ಕೆ ಎಷ್ಟು ಫೋನ್ ಅದೇ ಪ್ರಶ್ನೆಗೆ ಬರುತ್ತದೆ ಎಂದು ಹೇಳುತ್ತಾರೆ.

ಮೂರು ತಿಂಗಳು ಬಿಟ್ಟು ಆ ಪಟ್ಟಿ ನೋಡಿ. ದೊಡ್ಡ ಪುಟ ಯಾವ ಪದಕ್ಕೆ ಪದೇ ಪದೇ ಕಾಣಿಸಿಕೊಂಡರೂ ಯಾರೂ ಅದನ್ನು ಒತ್ತಿಲ್ಲವೋ, ಆ ಪದಕ್ಕೆ ಸ್ವಂತ ಪುಟ ಬೇಕಾಗಿರಬಹುದು. ಪದಕ್ಕೊಂದು ಪುಟ ಮಾಡಿದಲ್ಲಿ ಒಂದು ವರ್ಷವಾದರೂ ಯಾರೂ ಬಾರದ ಪುಟವಿದ್ದರೆ, ಅದನ್ನು ದೊಡ್ಡ ಪುಟಕ್ಕೆ ಮರಳಿ ಸೇರಿಸಿ, ಹಳೆಯ ವಿಳಾಸವನ್ನು ಅಲ್ಲಿಗೆ ತಿರುಗಿಸಿ.

ಯಾರಿಗೆ ಯಾವುದು

ಒಬ್ಬರೇ ನಡೆಸುವ ಸಣ್ಣ ಮಂಡಿಯಾದರೆ: ಒಂದೇ ಪುಟ, ನಿಮ್ಮ ದರಪಟ್ಟಿಯ ಪದಗಳು ಮಾತ್ರ, ಕನ್ನಡದಲ್ಲಿ. ಹದಿನೈದು ಪದ ಸಾಕು. ವರ್ಷಕ್ಕೆ ಒಂದು ಸಲ ನೋಡಿ.

ಸಹಕಾರ ಸಂಘವಾದರೆ: ಬೆರೆಸಿದ ದಾರಿ. ನಿಮ್ಮಲ್ಲಿ ದರ್ಜೆ ನೋಡುವ ಅನುಭವಿಗಳಿದ್ದಾರೆ, ಹಳೆಯ ದಾಖಲೆಗಳಿವೆ, ಸದಸ್ಯರ ಪ್ರಶ್ನೆಗಳಿವೆ. ದರ್ಜೆಗಳಿಗೆ, ರೋಗಗಳಿಗೆ ಸ್ವಂತ ಪುಟ ಕೊಡಿ. ಅರ್ಥ ಬರೆದವರು ಯಾರು, ನೋಡಿ ಒಪ್ಪಿದವರು ಯಾರು ಎಂದು ಪುಟದಲ್ಲಿ ಹಾಕಿ.

ಯಂತ್ರ, ದೋಟಿ, ಔಷಧಿ ಮಾರುವವರಾದರೆ: ಪದ ಕಡಿಮೆ, ಪುಟ ದೊಡ್ಡದು. ಮೆಟ್ಟುಗತ್ತಿಯಲ್ಲಿ ಸುಲಿಯುವುದು ಹೇಗೆ, ಯಂತ್ರದಲ್ಲಿ ಹೇಗೆ ಎಂದು ಎರಡನ್ನೂ ನ್ಯಾಯವಾಗಿ ಹೇಳಿ. ಪದಕೋಶದ ಪುಟವನ್ನು ಜಾಹೀರಾತು ಮಾಡಬೇಡಿ, ಮಾರುವ ಪುಟಕ್ಕೆ ಒಂದು ಲಿಂಕ್ ಸಾಕು.

ಹೊರರಾಜ್ಯಕ್ಕೆ ಮಾರುವವರಾದರೆ: ಕನ್ನಡ, ಇಂಗ್ಲಿಷ್ ಎರಡೂ. ಇಂಗ್ಲಿಷ್ ಪುಟದಲ್ಲಿಯೂ ರಾಶಿ, ಬೆಟ್ಟೆ, ಚಾಲಿ ಹೆಸರುಗಳನ್ನು ಹಾಗೆಯೇ ಇಟ್ಟು ಅರ್ಥ ಬಿಡಿಸಿ. ವ್ಯವಹಾರ ನಡೆಯುವುದು ಆ ಹೆಸರುಗಳಲ್ಲೇ.

ಯಾವ ದಾರಿ ಹಿಡಿದರೂ ಫೋಟೊ ಬೇಕೇ ಬೇಕು, ಅದೂ ನಿಮ್ಮದೇ ಆಗಿರಬೇಕು. ಈ ಸಲದ ಮಾಲು ಮಂಡಿಗೆ ಹೋಗುವ ಮೊದಲು ಪ್ರತಿ ದರ್ಜೆಯಿಂದ ಒಂದು ಹಿಡಿ ಎತ್ತಿಡಿ. ಬೆಳಗ್ಗೆ ಜಗಲಿಯ ನೆರಳಿನಲ್ಲಿ ಬಿಳಿ ಕಾಗದ ಹಾಸಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೊ ತೆಗೆಯಿರಿ. ಒಂದು ಅಡಿಕೆಯನ್ನು ಅಡಕತ್ತರಿಯಲ್ಲಿ ಸೀಳಿ ಒಳಗಿನ ಬಣ್ಣವೂ ಕಾಣಲಿ. ಫೋಟೊದ ಕಡತಕ್ಕೆ ಪದದ ಹೆಸರು ಕೊಡಿ, ಕೆಳಗೆ ಊರು ಮತ್ತು ವರ್ಷ ಬರೆಯಿರಿ.